ಮನೆಬಂಡಿಯ ಊರಿನಲ್ಲಿ ಮೂರು ದಿನ

ಅಮೇರಿಕಕ್ಕೆ ಹೋಗಿಬಂದವರು ನಯಾಗರಾ ಜಲಪಾತವನ್ನೂ ವಾಷಿಂಗ್ಟನ್ನಿನ ಶ್ವೇತಭವನವನ್ನೂ ಬಣ್ಣಿಸುವುದು ವಾಡಿಕೆ. ನಾವೂ ಅವನ್ನು ನೋಡಿದ್ದೇವೆ. ಆದರೆ ಇಲ್ಲಿ ಬರೆಯಹೊರಟಿರುವುದು ಪ್ರವಾಸಿಗರ ಪಟ್ಟಿಯಲ್ಲಿ ಅಷ್ಟಾಗಿ ಕಾಣಸಿಗದ, ಇಂಡಿಯಾನಾ ರಾಜ್ಯದ ಉತ್ತರದಂಚಿನ ಒಂದು ಸೀಮೆಯನ್ನು ಕುರಿತು. ಅಲ್ಲಿ ಒಂದು ರಾತ್ರಿ ತಂಗಿ ಮುಂದೆ ಸಾಗಬೇಕೆಂದು ಹೋದ ನಾವು ಮೂರು ದಿನ ನಿಲ್ಲಬೇಕಾಯಿತು. ನಮ್ಮನ್ನು ನಿಲ್ಲಿಸಿದ್ದು ಹೊತ್ತದ ಒಂದು ದೀಪ.

ನಮ್ಮ ಮಗಳು ಅಳಿಯಂದಿರ ಸಂಸಾರ ಚಿಕಾಗೋ ನಗರದ ಪಶ್ಚಿಮಕ್ಕಿರುವ ಒಂದು ಬಡಾವಣೆಯಲ್ಲಿದೆ. 2023ರ ಬೇಸಿಗೆಯಲ್ಲಿ ನಾವು ದಂಪತಿಗಳು ಧಾರವಾಡದಿಂದ ಹೊರಟು ಅಲ್ಲಿ ಎರಡು ತಿಂಗಳು ಇದ್ದೆವು. ನಾವು ಮುಟ್ಟುವ ಮುನ್ನವೇ ಅಳಿಯಂದಿರು ಒಂದು ಮೋಟಾರ್‌ಹೋಮ್ ಕೊಂಡಿಟ್ಟಿದ್ದರು. ಹೊಸದಲ್ಲ, 2014ರ ಗಾಡಿ, ಪಕ್ಕದ ರಾಜ್ಯದ ಒಬ್ಬ ವೃದ್ಧರಿಂದ ಕೊಂಡದ್ದು. ಅದನ್ನು ಮೊದಲ ಸಲ ಕಂಡಾಗ ನಮಗೆ ಬಂದ ನಗೆಯನ್ನು ತಡೆದುಕೊಳ್ಳಲಾಗಲಿಲ್ಲ. ಮುಂಭಾಗ ಲಾರಿಯ ಮುಖ, ಹಿಂಭಾಗ ಮನೆ! ಉದ್ದ ಇಪ್ಪತ್ತನಾಲ್ಕು ಅಡಿ. ಬಾಗಿಲು ತೆರೆದು ಎರಡು ಮೆಟ್ಟಿಲೇರಿದರೆ ಎಡಕ್ಕೆ ಅಡುಗೆಯ ಒಲೆ, ಪುಟ್ಟದೊಂದು ತಂಪುಪೆಟ್ಟಿಗೆ, ನೀರಿನ ನಲ್ಲಿ. ಹಿಂದಿನ ತುದಿಯಲ್ಲಿ ಮಂಚ, ಅದರ ಪಕ್ಕ ಬಚ್ಚಲು. ಚಾಲಕರ ತಲೆಯ ಮೇಲೆ ಅಟ್ಟದಂತಹ ಇನ್ನೊಂದು ಹಾಸಿಗೆ. ಅದು ನಮ್ಮ ಮೊಮ್ಮಗನ ಆಸ್ಥಾನ. ಮಗಳು ನಾವು ಊರಿನಿಂದ ಒಯ್ದಿದ್ದ ಕಟಕ ರೊಟ್ಟಿಯ ಕಟ್ಟನ್ನೂ ಶೇಂಗಾ ಹಿಂಡಿ, ಅಗಸಿ ಹಿಂಡಿಯ ಡಬ್ಬಿಗಳನ್ನೂ ಅದರ ಕಪಾಟಿನಲ್ಲಿ ಜೋಡಿಸಿಟ್ಟ ಮೇಲೆ ಪರದೇಶದ ಆ ಗಾಡಿ ನಮಗೂ ಮನೆಯೇ ಎನಿಸಿತು.

ಜುಲೈ ತಿಂಗಳ ಒಂದು ರವಿವಾರ ಬೆಳಿಗ್ಗೆ ಹೊರಟೆವು. ಮೊದಲ ನಿಲುಗಡೆ ಮಿಶಿಗನ್ ಸರೋವರದ ದಕ್ಷಿಣ ದಂಡೆಯ ಮರಳುದಿಬ್ಬಗಳ ಉದ್ಯಾನ. ಸರೋವರವೆಂದು ಕರೆಯುತ್ತಾರೆಯೇ ಹೊರತು ಕಣ್ಣಿಗೆ ಅದು ಸಮುದ್ರವೇ. ಆಚೆಯ ದಡ ಕಾಣುವುದಿಲ್ಲ, ತೆರೆಗಳು ಏಳುತ್ತವೆ, ಉಪ್ಪೊಂದಿಲ್ಲ. ದಂಡೆಯುದ್ದಕ್ಕೂ ಗಾಳಿ ರಾಶಿಹಾಕಿದ ಮರಳಿನ ಗುಡ್ಡಗಳು. ಮೌಂಟ್ ಬಾಲ್ಡಿ ಎಂಬ ದಿಬ್ಬ 126 ಅಡಿ ಎತ್ತರವಿದ್ದು, ಗಾಳಿಗೆ ಸರಿಯುತ್ತ ಸರಿಯುತ್ತ ತನ್ನ ಹಿಂದಿನ ಮರಗಳನ್ನು ಹೂಳುತ್ತ ಸಾಗಿದೆ. ಆಕಾಶ ತಿಳಿಯಾಗಿದ್ದುದರಿಂದ ನೀರಿನ ಆಚೆ ಚಿಕಾಗೋದ ಗಗನಚುಂಬಿ ಕಟ್ಟಡಗಳು ಕಡ್ಡಿಗಳಂತೆ ಕಂಡವು. ಈ ದಂಡೆಯನ್ನು ಉಕ್ಕಿನ ಕಾರ್ಖಾನೆಗಳಿಂದ ಉಳಿಸಿಕೊಳ್ಳಲು ಅಲ್ಲಿನ ಜನ ಬಹುಕಾಲ ಹೋರಾಡಿದರು. 1966ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಕಾಲದಲ್ಲಿ ಇದಕ್ಕೆ ರಾಷ್ಟ್ರೀಯ ಸಂರಕ್ಷಣೆ ದೊರೆತು, 2019ರಲ್ಲಿ ರಾಷ್ಟ್ರೀಯ ಉದ್ಯಾನವೆಂಬ ಹೆಸರು ಬಂದಿತು. ಅದೇ 1966ನೆಯ ಇಸವಿ ಅದೇ ಅಧ್ಯಕ್ಷರ ಸಹಿಯೊಡನೆ ನಮ್ಮ ಪ್ರವಾಸದಲ್ಲಿ ಇನ್ನೊಮ್ಮೆ ಎದುರಾಗುವುದೆಂದು ಆಗ ನಮಗೇನು ಗೊತ್ತು?

ಮರಳಿನಲ್ಲಿ ಮೊಮ್ಮಗನ ಆಟ ಮುಗಿಯುವಷ್ಟರಲ್ಲಿ ಸಂಜೆಯಾಯಿತು. ಇಂಡಿಯಾನಾದಲ್ಲಿ ಇನ್ನೊಂದು ವಿಚಿತ್ರವಿದೆ. ಸರೋವರದ ದಂಡೆಯ ಜಿಲ್ಲೆಗಳಲ್ಲಿ ಚಿಕಾಗೋದ ಗಡಿಯಾರ. ಅಲ್ಲಿಂದ ಪೂರ್ವಕ್ಕೆ ಕೆಲವು ಮೈಲಿ ಹೋದರೆ ಒಂದು ತಾಸು ಮುಂದಿರುವ ನ್ಯೂಯಾರ್ಕಿನ ಗಡಿಯಾರ. ಹೀಗಾಗಿ ದಾರಿಯಲ್ಲಿಯೇ ನಮ್ಮ ಒಂದು ತಾಸು ಮಾಯವಾಗಿ, ಸೌತ್‌ಬೆಂಡ್ ದಾಟಿ ಎಲ್ಕ್‌ಹಾರ್ಟ್ ಜಿಲ್ಲೆಯನ್ನು ಸೇರುವಾಗ ಹೊತ್ತು ಮುಳುಗುತ್ತ ಬಂದಿತ್ತು. ಅಂದಿನ ಬಿಡಾರ ಶಿಪ್‌ಶೆವಾನಾ ಎಂಬ ಚಿಕ್ಕ ಊರಿನ ಬಳಿ ಗೊತ್ತಾಗಿತ್ತು.

ಅದು ಆಮಿಶ್ ಜನರ ಸೀಮೆ. 1841ರಲ್ಲಿ ಇಲ್ಲಿಗೆ ಬಂದು ನೆಲೆಸಿದ ಈ ಜನ ಇಂದಿಗೂ ಮೋಟಾರು ವಾಹನ ಇಟ್ಟುಕೊಳ್ಳುವುದಿಲ್ಲ, ಮನೆಗೆ ವಿದ್ಯುತ್ತಿನ ತಂತಿ ಎಳೆಸುವುದಿಲ್ಲ. ಒಕ್ಕಲುತನ, ಮರಗೆಲಸ, ದೇವರ ಪ್ರಾರ್ಥನೆ, ಕೂಡುಕುಟುಂಬದಂತಹ ಸಂಸಾರ. ಹೆದ್ದಾರಿಯ ಅಂಚಿನಲ್ಲಿ ಒಂದರ ಹಿಂದೊಂದು ಕುದುರೆಗಾಡಿಗಳು ಟಕಟಕ ಸದ್ದು ಮಾಡುತ್ತ ಸಾಗುತ್ತಿದ್ದವು. ನಾವು ಚಿಕ್ಕಂದಿನಲ್ಲಿ ಕಂಡ ಧಾರವಾಡದ ಟಾಂಗಾಗಳನ್ನು ಮತ್ತೆ ಕಂಡಂತಾಯಿತು. ವ್ಯತ್ಯಾಸವೆಂದರೆ, ಇವುಗಳ ಬೆನ್ನಿಗೆ ನಿಧಾನ ವಾಹನದ ಗುರುತಾದ ಕಿತ್ತಳೆ ಬಣ್ಣದ ತ್ರಿಕೋನ ಫಲಕವಿತ್ತು, ನೋಂದಣಿ ಸಂಖ್ಯೆಯ ತಗಡಿತ್ತು, ಬ್ಯಾಟರಿಯಿಂದ ಮಿನುಗುವ ಕೆಂಪು ದೀಪಗಳಿದ್ದವು. ಮನೆಗೆ ವಿದ್ಯುತ್ತು ಬೇಡವೆಂದವರು ಗಾಡಿಯ ಹಿಂದೆ ಮಾತ್ರ ದೀಪ ಬೇಡವೆಂದಿಲ್ಲ.

ಅಂತಹ ಒಂದು ಗಾಡಿ ನಮ್ಮ ಮುಂದೆ ಹೊಲದ ದಾರಿಗೆ ಹೊರಳಲು ನಿಧಾನಿಸಿತು. ಅಳಿಯಂದಿರು ಬ್ರೇಕ್ ಒತ್ತಿದರು. ನಮ್ಮ ಬಂಡಿಯೂ ನಿಧಾನಿಸಿ ನಿಂತಿತು. ಆಗಲೇ ಹಿಂದಿನಿಂದ ಟಾಯರು ರಸ್ತೆಗೆ ಉಜ್ಜುವ ಕರ್ಕಶ ಸದ್ದು, ಅದರ ಬೆನ್ನಿಗೇ ದೀರ್ಘವಾದ ಹಾರ್ನು. ಹಿಂದಿನ ಕಿಟಕಿಯ ತುಂಬ ಒಂದು ಭಾರೀ ಟ್ರಕ್ಕಿನ ಮುಖವೇ ಕಂಡಿತು. ಅದು ರಸ್ತೆಯ ಅಂಚಿನ ಹುಲ್ಲಿಗೆ ಇಳಿದು, ನಮ್ಮ ಬಂಡಿಯಿಂದ ಒಂದು ಮಾರು ದೂರದಲ್ಲಿ ನಿಂತಿತು. ಬಂಡಿಯ ಹಿಂದಿನ ಮಂಚದ ಅಂಚಿನಲ್ಲಿ ನಾವಿಬ್ಬರೂ, ನಮ್ಮ ನಡುವೆ ಮೊಮ್ಮಗನೂ ಕುಳಿತಿದ್ದೆವು. ಗಾಡಿ ಓಡುವಾಗ ಪಟ್ಟಿ ಕಟ್ಟಿಕೊಂಡು ಆಸನದಲ್ಲಿಯೇ ಕೂಡಬೇಕೆಂದು ಮಗಳು ಎರಡು ಸಲ ಹೇಳಿದ್ದಳು. ಕುದುರೆಗಳನ್ನು ತೋರಿಸುವ ಉತ್ಸಾಹದಲ್ಲಿ ಹುಡುಗನನ್ನು ಹಿಂದಕ್ಕೆ ಕರೆದವರು ನಾವೇ. ಈ ತಪ್ಪನ್ನು ಇಲ್ಲಿ ಒಪ್ಪಿಕೊಳ್ಳದಿದ್ದರೆ ಬರೆದದ್ದು ಸುಳ್ಳಾಗುತ್ತದೆ.

ಟ್ರಕ್ಕಿನ ಚಾಲಕರು ಇಳಿದು ಬಂದರು. ಬೈಯುತ್ತಾರೆಂದುಕೊಂಡೆವು. ಆತ ನೇರವಾಗಿ ನಮ್ಮ ಬಂಡಿಯ ಹಿಂದೆ ನಿಂತು, ಮತ್ತೊಮ್ಮೆ ಬ್ರೇಕ್ ಒತ್ತಿರೆಂದು ಕೈಸನ್ನೆ ಮಾಡಿದರು. ಅಳಿಯಂದಿರು ಒತ್ತಿದರು. ಇನ್ನೊಮ್ಮೆ ಎಂದರು, ಇನ್ನೊಮ್ಮೆ ಒತ್ತಿದರು. ಆಮೇಲೆ ಕಿಟಕಿಯ ಬಳಿ ಬಂದು ಒಂದೇ ಮಾತು ಹೇಳಿದರು: "ನಿಮ್ಮ ಬ್ರೇಕ್ ದೀಪ ಹತ್ತುವುದಿಲ್ಲ. ಒಂದೂ ಹತ್ತುವುದಿಲ್ಲ." ಬಿಡಾರದವರೆಗೆ ಉಳಿದಿದ್ದ ಎರಡು ಮೈಲಿ ಅವರು ನಮ್ಮ ಬೆನ್ನಿಗೆ ತಮ್ಮ ಟ್ರಕ್ಕನ್ನಿಟ್ಟುಕೊಂಡು, ನಾಲ್ಕೂ ಮಿನುಗುದೀಪಗಳನ್ನು ಹಾಕಿ, ನಮ್ಮನ್ನು ಕಾದು ತಂದು ಮುಟ್ಟಿಸಿದರು. ಹೆಸರು ಕೇಳುವಷ್ಟರಲ್ಲಿ ಹೊರಟುಹೋಗಿದ್ದರು.

ಆ ರಾತ್ರಿ ಯಾರಿಗೂ ಊಟ ಸೇರಲಿಲ್ಲ. ಮೊಮ್ಮಗನಿಗೆ ಮಾತ್ರ ನಡೆದುದೇನೆಂದು ಪೂರ್ತಿ ತಿಳಿಯದೆ, ಹಿಂಡಿ ಹಚ್ಚಿಕೊಂಡು ರೊಟ್ಟಿ ತಿಂದು ಮಲಗಿದ. ಅಳಿಯಂದಿರು ಬ್ಯಾಟರಿ ಹಿಡಿದು ಗಾಡಿಯನ್ನು ನಾಲ್ಕು ಸಲ ಸುತ್ತಿದರು. ವಿಚಿತ್ರವೆಂದರೆ, ಹಿಂದಿನ ಉಳಿದ ದೀಪಗಳೆಲ್ಲ ಚೆನ್ನಾಗಿಯೇ ಉರಿಯುತ್ತಿದ್ದವು. ಎಂಬತ್ತು ಇಂಚಿಗಿಂತ ಅಗಲವಾದ ವಾಹನಗಳ ನೆತ್ತಿಯ ಮೇಲೆ ಗುರುತಿಗಾಗಿ ಮೂರು ಕೆಂಪು ದೀಪಗಳ ಸಾಲು, ಎರಡು ಮೂಲೆಗೂ ಒಂದೊಂದು ಕೆಂಪು ದೀಪ ಇರಬೇಕೆಂಬುದು ಅಲ್ಲಿಯ ನಿಯಮ. ಅವು ಐದೂ, ಕೆಳಗಿನ ಎರಡು ಮಂದದೀಪಗಳೂ ಸೇರಿ ನಮ್ಮ ಬಂಡಿ ಹಿಂದಿನಿಂದ ದೀಪಾವಳಿಯಂತೆ ಹೊಳೆಯುತ್ತಿತ್ತು. ಇಷ್ಟು ಬೆಳಕನ್ನು ಕಂಡ ಹಿಂದಿನ ಚಾಲಕ ಎಲ್ಲವೂ ಸರಿಯಿದೆಯೆಂದೇ ಬಗೆಯುತ್ತಾನೆ. ಬ್ರೇಕ್ ಒತ್ತಿದಾಗ ಪ್ರಖರವಾಗಬೇಕಾದ ದೀಪ ಪ್ರಖರವಾಗದಿದ್ದರೆ, ಮುಂದಿನ ವಾಹನ ಓಡುತ್ತಲೇ ಇದೆಯೆಂದು ನಂಬುತ್ತಾನೆ. ಒಳಗಿನವರಿಗಂತೂ ತಿಳಿಯುವ ಮಾರ್ಗವೇ ಇಲ್ಲ. ಎಣ್ಣೆ ಮುಗಿದರೆ ಮುಳ್ಳು ತೋರಿಸುತ್ತದೆ, ಬಾಗಿಲು ತೆರೆದಿದ್ದರೆ ಗಂಟೆ ಬಾರಿಸುತ್ತದೆ. ಬ್ರೇಕ್ ದೀಪ ಸತ್ತುಹೋದುದನ್ನು ಹೇಳುವ ಸಂಜ್ಞೆ ಆ ಗಾಡಿಯ ಚಾಲಕರ ಮುಂದೆ ಇರಲಿಲ್ಲ.

ಈ ದೀಪದ ಬಗ್ಗೆ ನಾವು ಎಪ್ಪತ್ತು ವರ್ಷದ ಬಾಳಿನಲ್ಲಿ ಒಂದು ಸಲವೂ ಯೋಚಿಸಿರಲಿಲ್ಲ. ಅಳಿಯಂದಿರು ನಿದ್ದೆ ಬಾರದೆ ಹೇಳಿದ ಕೆಲವು ಸಂಗತಿಗಳು ನಮಗೆ ಸೋಜಿಗವೆನಿಸಿದವು. ಕಾರುಗಳ ಹಿಂದಿನ ಗಾಜಿನ ನಡುವೆ ಎತ್ತರದಲ್ಲಿ ಮೂರನೆಯ ಬ್ರೇಕ್ ದೀಪವೊಂದು ಇರುತ್ತದಷ್ಟೆ? ಅದರ ಮೂಲ 1974ರಲ್ಲಿ ಜಾನ್ ವೊವೊಡ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ಸ್ಯಾನ್‌ಫ್ರಾನ್ಸಿಸ್ಕೋದ ಟ್ಯಾಕ್ಸಿಗಳ ಮೇಲೆ ನಡೆಸಿದ ಪ್ರಯೋಗ. ಕೆಲವು ಟ್ಯಾಕ್ಸಿಗಳಿಗೆ ಹೆಚ್ಚಿನದೊಂದು ದೀಪ ಕಟ್ಟಿ ನೋಡಿದಾಗ, ಹಿಂದಿನಿಂದ ಗುದ್ದಿಸಿಕೊಳ್ಳುವ ಪ್ರಸಂಗ ಅವುಗಳಲ್ಲಿ ಅರ್ಧಕ್ಕಿಂತಲೂ ಕೆಳಗಿಳಿಯಿತಂತೆ. 1986ರ ಮಾದರಿಯಿಂದ ಅಮೇರಿಕದ ಎಲ್ಲ ಹೊಸ ಕಾರುಗಳಿಗೂ 1994ರ ಮಾದರಿಯಿಂದ ಹಗುರ ಟ್ರಕ್ಕು ವ್ಯಾನುಗಳಿಗೂ ಅದು ಕಡ್ಡಾಯವಾಯಿತು. ಹೊಸತನ ಹಳತಾದ ಮೇಲೆ ಅಷ್ಟೊಂದು ಫಲ ಉಳಿಯಲಿಲ್ಲ. ಆ ಬಗೆಯ ಅಪಘಾತಗಳಲ್ಲಿ ನೂರಕ್ಕೆ ನಾಲ್ಕರಷ್ಟು ಇಳಿತವೇ ನಿಂತಿತೆಂದು ಸರಕಾರವೇ ಮುಂದೆ ಲೆಕ್ಕಹಾಕಿತು. ಆ ನಾಲ್ಕೂ ಮನೆಗೆ ಮರಳಿದ ಮನುಷ್ಯರದ್ದೇ ಲೆಕ್ಕ. ನಮ್ಮದರಂತಹ ಅಗಲದ ಗಾಡಿಗಳಿಗೆ ಈ ಮೂರನೆಯ ದೀಪದ ಕಡ್ಡಾಯ ಅನ್ವಯಿಸುವುದಿಲ್ಲ. ಇದ್ದ ಎರಡೂ ಹೋದರೆ ಉಳಿಯುವುದು ಸೊನ್ನೆ.

ಮರುದಿನ ಬೆಳಿಗ್ಗೆ ಬಿಡಾರಕ್ಕೇ ಬಂದು ದುರಸ್ತಿ ಮಾಡುವ ಒಬ್ಬ ಕುಶಲಕರ್ಮಿಯನ್ನು ಕರೆಸಿದೆವು. ಸುಮಾರು ಅರವತ್ತರ ಪ್ರಾಯ, ಮಾತು ಕಡಿಮೆ. ಮೊದಲು ಬಲ್ಬು, ಫ್ಯೂಸು ನೋಡಿದರು, ಸರಿಯಾಗಿದ್ದವು. ಆಮೇಲೆ ಬ್ರೇಕ್ ಒತ್ತಿ ಗೇರು ಬದಲಿಸಲು ಹೇಳಿದರು. ಗೇರು ಬದಲಾಯಿತು. "ಹಾಗಾದರೆ ಪೆಡಲಿನ ಸ್ವಿಚ್ಚು ಕೆಟ್ಟಿಲ್ಲ" ಎಂದರು. ಬ್ರೇಕ್ ಒತ್ತಿದ ಸುದ್ದಿ ಸ್ವಿಚ್ಚಿನಿಂದ ಹೋಗದ ಹೊರತು ಗೇರು ಬಿಡಿಸಿಕೊಳ್ಳುವುದಿಲ್ಲವಂತೆ. ಎಂದರೆ ಸುದ್ದಿ ಹೊರಟಿದೆ, ದೀಪಕ್ಕೆ ಮುಟ್ಟಿಲ್ಲ. ಅವರು ಗಾಡಿಯ ಕೆಳಗೆ ತೆವಳಿ, ಹತ್ತು ನಿಮಿಷದಲ್ಲಿ ಹಸಿರು ಕಿಲುಬು ಹಿಡಿದ ತಂತಿಯ ಜೋಡಣೆಯೊಂದನ್ನು ತೋರಿಸಿದರು.

ಇದನ್ನು ಅರ್ಥಮಾಡಿಕೊಳ್ಳಲು ನಮ್ಮ ಲಾರಿಗಳನ್ನು ನೆನೆದರೆ ಸಾಕು. ಚಾಸಿ, ಎಂಜಿನ್ನು ಒಂದು ಕಂಪನಿಯವು. ಅದನ್ನು ತಂದು ಬಾಡಿ ಕಟ್ಟುವವರು ಬೇರೆ. ಮೋಟಾರ್‌ಹೋಮುಗಳೂ ಹಾಗೆಯೇ. ದೊಡ್ಡ ವಾಹನ ಕಂಪನಿ ಮುಂಭಾಗ, ಎಂಜಿನ್ನು, ಚಕ್ರ, ಪೆಡಲು ಸ್ವಿಚ್ಚುಗಳನ್ನು ಕೊಡುತ್ತದೆ. ಮನೆಯನ್ನು ಕಟ್ಟಿ, ಹಿಂದಿನ ದೀಪಗಳನ್ನು ಕೂಡಿಸಿ, ಮಾರುವ ಕಂಪನಿ ಇನ್ನೊಂದು. ಚಾಸಿಯ ತಂತಿ ಮುಗಿದು ಮನೆಯ ತಂತಿ ಶುರುವಾಗುವ ಸಂದಿನಲ್ಲಿ ಒತ್ತಿ ಕೂಡಿಸಿದ ಜೋಡಣೆ ಸಡಿಲವಾಗಿತ್ತು, ಮಳೆನೀರು ತಡೆಯುವ ಹೊದಿಕೆ ಇರಲಿಲ್ಲ. ಅಳಿಯಂದಿರು ಗಾಡಿ ಕೊಂಡಾಗ ದೀಪ ಹತ್ತಿತ್ತು. ಆ ವಸಂತದ ಮಳೆಗಳಲ್ಲಿ ಯಾವಾಗಲೋ ಕಿಲುಬು ತನ್ನ ಕೆಲಸ ಮುಗಿಸಿತ್ತು. ಚಿಕಾಗೋದಿಂದ ನೂರಕ್ಕೂ ಹೆಚ್ಚು ಮೈಲಿ, ನಮ್ಮ ಹಿಂದೆ ಎಷ್ಟು ವಾಹನಗಳು ಬಂದಿದ್ದವೋ, ಎಷ್ಟು ಸಲ ನಾವು ಹೇಳದೆ ಕೇಳದೆ ನಿಂತಿದ್ದೆವೋ!

ಕುಶಲಕರ್ಮಿ ಎದ್ದು ನಿಂತು ಕೈ ಒರೆಸಿಕೊಳ್ಳುತ್ತ, "ಇದಕ್ಕೆ ರೀಕಾಲ್ ಇದೆಯಲ್ಲ, ಮಾಡಿಸಲಿಲ್ಲವೆ?" ಎಂದರು.

ರೀಕಾಲ್ ಎಂದರೆ, ತಯಾರಿಕೆಯಲ್ಲಿಯೇ ಉಳಿದ ದೋಷವನ್ನು ಸರಿಪಡಿಸಿಕೊಡಲು ಕಂಪನಿಯು ತಾನು ಮಾರಿದ ಗಾಡಿಗಳನ್ನು ಹಿಂದಕ್ಕೆ ಕರೆಯುವುದು. ಇಲ್ಲಿಯೇ ಆ 1966 ಮತ್ತೆ ಬಂತು. ಅದರ ಹಿಂದಿನ ವರ್ಷ ರಾಲ್ಫ್ ನೇಡರ್ ಎಂಬ ತರುಣ ವಕೀಲರು ಅಮೇರಿಕದ ಕಾರುಗಳ ಅಪಾಯವನ್ನು ಕುರಿತು ಬರೆದ ಪುಸ್ತಕ ದೇಶದಲ್ಲೆಲ್ಲ ಕೋಲಾಹಲವೆಬ್ಬಿಸಿತ್ತು. 1966ರ ಸೆಪ್ಟೆಂಬರಿನಲ್ಲಿ ಜಾನ್ಸನ್ನರು ವಾಹನ ಸುರಕ್ಷತಾ ಕಾನೂನಿಗೆ ಸಹಿ ಹಾಕಿದರು. ಇಂದು ಅದನ್ನು ನಡೆಸುವುದು ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತವೆಂಬ ಇಲಾಖೆ. ದೋಷವಿದೆಯೆಂದು ಕಂಪನಿ ನಿರ್ಧರಿಸಿದ ಐದು ಕೆಲಸದ ದಿನಗಳೊಳಗೆ ಇಲಾಖೆಗೆ ತಿಳಿಸಬೇಕು. ಅಲ್ಲಿಂದ ಅರವತ್ತು ದಿನಗಳೊಳಗೆ ಮಾಲೀಕರಿಗೆ ಅಂಚೆಯ ಮೂಲಕ ಪತ್ರ ಹೋಗಬೇಕು. ಮೊದಲ ಮಾರಾಟದಿಂದ ಹದಿನೈದು ವರ್ಷದವರೆಗೆ ದುರಸ್ತಿಗೆ ಕಾಸು ತೆಗೆದುಕೊಳ್ಳುವಂತಿಲ್ಲ.

ಅಳಿಯಂದಿರ ಮುಖ ಬಾಡಿತು. ಅವರು ಅಜಾಗ್ರತೆಯ ಮನುಷ್ಯರಲ್ಲ. ಕೊಳ್ಳುವ ಮೊದಲು ಗಾಡಿಯ ಹದಿನೇಳು ಅಂಕಾಕ್ಷರಗಳ ಗುರುತುಸಂಖ್ಯೆಯನ್ನು ಹಾಕಿ ಸರಕಾರದ ಪಟ್ಟಿಯಲ್ಲಿ ಹುಡುಕಿದ್ದರು. ಬಾಕಿ ರೀಕಾಲ್ ಯಾವುದೂ ಇಲ್ಲವೆಂದು ಬಂದಿತ್ತು. ಅದನ್ನು ನಂಬಿದ್ದರು. ಇಲ್ಲಿರುವ ಸೂಕ್ಷ್ಮವನ್ನು ಆ ಕುಶಲಕರ್ಮಿಯೇ ಬಿಡಿಸಿ ಹೇಳಿದರು. 2014ರಿಂದ ಗುರುತುಸಂಖ್ಯೆಯ ಮೂಲಕ ಹುಡುಕುವ ಸೌಕರ್ಯವನ್ನು ಕಡ್ಡಾಯವಾಗಿ ಕೊಡಬೇಕಾದವರು ವರ್ಷಕ್ಕೆ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಹಗುರ ವಾಹನ ಮಾಡುವ ದೊಡ್ಡ ಕಂಪನಿಗಳು. ಮನೆ ಕಟ್ಟುವ ಸಣ್ಣ ಕಂಪನಿಗಳಿಗೆ ಆ ಕಡ್ಡಾಯವಿಲ್ಲ. ನಮ್ಮ ಗಾಡಿಯಲ್ಲಿ ಸಂಖ್ಯೆ ಚಾಸಿಯದು, ದೋಷ ಮನೆಯದು. ಮನೆ ಕಟ್ಟಿದವರ ಹೆಸರು, ಮಾದರಿ, ವರ್ಷಗಳನ್ನು ಹಾಕಿ ಬೇರೆಯಾಗಿಯೇ ಹುಡುಕಬೇಕಾಗಿತ್ತು. ಹಾಗೆ ಹುಡುಕಿದಾಗ ಒಂದೇ ನಿಮಿಷದಲ್ಲಿ ಸಿಕ್ಕಿತು: 2015ರಲ್ಲಿಯೇ ಹೊರಟ ರೀಕಾಲ್. ಕೊಳ್ಳುವವರು ಇಂತಹ ಒಳಗುಟ್ಟನ್ನು ಅರಿತಿರಬೇಕೆಂದು ಬಯಸುವುದು ನ್ಯಾಯವೆ? ನಮಗಂತೂ ಅನಿಸುವುದಿಲ್ಲ.

ಮೊದಲು ಅವರು ಕೊಳ್ಳುವ ಬದಲು ಬಾಡಿಗೆಗೆ ತರಬೇಕೆಂದಿದ್ದರು. ಹಾಗೆ ಮಾಡಿದ್ದರೆ ಚಿಂತೆಯಿರುತ್ತಿರಲಿಲ್ಲ ಎಂದು ನಾವೆಂದಾಗ ಅಲ್ಲಿಯೂ ಒಂದು ಕಥೆಯಿದೆಯೆಂದರು. 2004ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೌಕ್ ಮನೆತನದ ಅಕ್ಕತಂಗಿಯರಿಬ್ಬರು ಬಾಡಿಗೆ ಕಾರಿನಲ್ಲಿ ಹೋಗುವಾಗ ಬೆಂಕಿ ಹತ್ತಿ ಟ್ರಕ್ಕಿಗೆ ಡಿಕ್ಕಿಯಾಗಿ ತೀರಿಕೊಂಡರು. ಆ ಕಾರಿಗೆ ರೀಕಾಲ್ ಹೊರಟಿತ್ತು, ದುರಸ್ತಿಯಾಗದೆಯೇ ಬಾಡಿಗೆಗೆ ಬಿಟ್ಟಿದ್ದರು. ಅವರ ತಾಯಿ ವರ್ಷಗಟ್ಟಲೆ ಹೋರಾಡಿದರು. ಆ ಹೆಣ್ಣುಮಕ್ಕಳ ಹೆಸರಿನಲ್ಲಿಯೇ 2016ರ ಜೂನ್‌ನಿಂದ ಕಾನೂನೊಂದು ಜಾರಿಗೆ ಬಂದು, ಮೂವತ್ತೈದಕ್ಕಿಂತ ಹೆಚ್ಚು ವಾಹನಗಳುಳ್ಳ ಬಾಡಿಗೆ ಸಂಸ್ಥೆಗಳು ರೀಕಾಲ್ ಬಾಕಿಯಿರುವ ವಾಹನವನ್ನು ಬಾಡಿಗೆಗೆ ಕೊಡಕೂಡದೆಂದಾಯಿತು. ಆದರೆ ಅದು ಹತ್ತು ಸಾವಿರ ಪೌಂಡುಗಳೊಳಗಿನ ವಾಹನಗಳಿಗೆ ಮಾತ್ರ. ನಮ್ಮದರಂತಹ ಮನೆಬಂಡಿ ತುಂಬಿದಾಗ ಆ ಮಿತಿಯನ್ನು ಮೀರಿಬಿಡುತ್ತದೆ.

ರೀಕಾಲ್ ಸಿಕ್ಕಿತು, ಪತ್ರ ಎಲ್ಲಿಗೆ ಹೋಯಿತು? ಮಗಳು ಊಟದ ಮೇಜಿನ ಬೆಂಚನ್ನೆತ್ತಿ, ಅದರ ಕೆಳಗಿನ ಪೆಟ್ಟಿಗೆಯಲ್ಲಿದ್ದ ಗಾಡಿಯ ಹಳೆಯ ಕಾಗದಗಳನ್ನೆಲ್ಲ ಹೊರಗೆ ಹರವಿದಳು. ಒಲೆಯ ಕೈಪಿಡಿ, ತಂಪುಪೆಟ್ಟಿಗೆಯ ಕೈಪಿಡಿ, ಹಳೆಯ ರಸೀತಿಗಳು. ಅವುಗಳ ನಡುವೆ ಸುರಕ್ಷತಾ ರೀಕಾಲ್ ಎಂದು ಕೆಂಪಕ್ಷರದಲ್ಲಿ ಅಚ್ಚಾದ ಲಕೋಟೆ. ಒಡೆದಿರಲಿಲ್ಲ. ಎಂಟು ವರ್ಷಗಳಿಂದ ಅದು ಈ ಗಾಡಿಯೊಡನೆಯೇ ಊರೂರು ತಿರುಗಿತ್ತು. ಅದರ ಮೇಲೆ ಕುಳಿತೇ ಮೊಮ್ಮಗ ಚಿತ್ರಕ್ಕೆ ಬಣ್ಣ ತುಂಬುತ್ತಿದ್ದ.

ನಮಗೆ ಸಿಟ್ಟು ಬಂದುದು ಸುಳ್ಳಲ್ಲ. ಅಳಿಯಂದಿರು ಗಾಡಿ ಮಾರಿದ ವೃದ್ಧರಿಗೆ ಫೋನು ಹಚ್ಚಿದರು. ನಾವು ಪಕ್ಕದಲ್ಲಿಯೇ ಕುಳಿತಿದ್ದೆವು. ಮಾತಿನ ಮೊದಲಲ್ಲಿದ್ದ ಕಾವು ಸ್ವಲ್ಪ ಹೊತ್ತಿನಲ್ಲಿ ತಣ್ಣಗಾಗಿ, ಕಡೆಗೆ ಅವರೇ "ಇರಲಿ ಬಿಡಿ, ಇರಲಿ ಬಿಡಿ" ಎಂದು ಸಮಾಧಾನ ಹೇಳುವುದು ಕೇಳಿಸಿತು. ಫೋನಿಟ್ಟ ಮೇಲೆ ಹೇಳಿದರು: "ಮಾವಾ, ಆ ವರ್ಷ ಅವರ ಹೆಂಡತಿಗೆ ಆಸ್ಪತ್ರೆ ಶುರುವಾಗಿತ್ತಂತೆ. ಬಂದ ಟಪಾಲನ್ನೆಲ್ಲ ಒಂದು ಕಡೆ ಒಟ್ಟಿ ಇಟ್ಟಿದ್ದಾರೆ. ಗಾಡಿಗೆ ಸಂಬಂಧಿಸಿದ್ದನ್ನು ಗಾಡಿಯಲ್ಲಿ ಹಾಕಿದ್ದಾರೆ. ಆಕೆ ಹೋದ ಮೇಲೆ ಗಾಡಿ ಹೊರಗೆ ತೆಗೆದೇ ಇಲ್ಲ." ಹುಡುಗನಿಗೇನೂ ಆಗಲಿಲ್ಲವಷ್ಟೆ ಎಂದು ಆ ವೃದ್ಧರು ಮೂರು ಸಲ ಕೇಳಿದರಂತೆ. ನಾವು ಆಮೇಲೆ ಆ ವಿಷಯ ಎತ್ತಲಿಲ್ಲ.

ಕುಶಲಕರ್ಮಿ ತಾತ್ಕಾಲಿಕ ಜೋಡಣೆ ಮಾಡಿಕೊಟ್ಟರು. ರೀಕಾಲ್ ಪ್ರಕಾರದ ದುರಸ್ತಿಗೆ ಬುಧವಾರ ಎಲ್ಕ್‌ಹಾರ್ಟಿನ ಅಧಿಕೃತ ಕಾರ್ಯಾಗಾರದಲ್ಲಿ ಸಮಯ ದೊರೆಯಿತು. ನಡುವೆ ಸಿಕ್ಕ ಮಂಗಳವಾರವನ್ನು ನಾವು ಶಿಪ್‌ಶೆವಾನಾದ ಸಂತೆಯಲ್ಲಿ ಕಳೆದೆವು. ಬೇಸಿಗೆಯ ಮಂಗಳವಾರ ಬುಧವಾರಗಳಲ್ಲಿ ಕೂಡುವ ಈ ಸಂತೆಯ ಹರವು ನಮ್ಮ ದೊಡ್ಡ ಜಾತ್ರೆಯ ಪೇಟೆಯಷ್ಟಿದೆ. ಕೌದಿಗಳ ಮುಂದೆ ನಿಂತು ನಮ್ಮ ಮನೆಯವರು ಮೈಮರೆತರು. ಆಮಿಶ್ ಹೆಂಗಸರು ಚೂರುಚೂರು ಬಟ್ಟೆ ಕೂಡಿಸಿ ಹೊಲಿದ ಆ ಹೊದಿಕೆಗಳು ನಮ್ಮ ಕಡೆಯ ಕೌದಿಗಳ ಅಕ್ಕತಂಗಿಯರೇ. ಹೊಲಿಗೆ ಮಾತ್ರ ಅಚ್ಚು ಹೊಡೆದಂತೆ. ಬೆಲೆ ಕೇಳಿ ಸುಮ್ಮನೆ ಸವರಿ ಬಂದೆವು. ತಲೆಗೆ ಬಿಳಿಯ ಕುಲಾವಿ ತೊಟ್ಟ ಒಬ್ಬ ಅಜ್ಜಿ ನಮ್ಮ ಸೀರೆಯ ಅಂಚನ್ನು ಕೈಯಲ್ಲಿ ಹಿಡಿದು ನೋಡಿ, ಇದನ್ನು ನೀವೇ ನೇಯ್ದಿರಾ ಎಂದು ಕೇಳಿದರು. ಇಳಕಲ್ಲಿನ ನೇಕಾರರ ಮಾತನ್ನು ಮಗಳು ಅವರಿಗೆ ವಿವರಿಸಿದಳು. ಅವರ ಮಗ ಎಲ್ಲಿ ಕೆಲಸ ಮಾಡುತ್ತಾನೆಂದು ನಾವು ಕೇಳಿದೆವು. ಮೋಟಾರ್‌ಹೋಮಿನ ಕಾರ್ಖಾನೆಯಲ್ಲಿ! ಸ್ವಂತಕ್ಕೆ ವಾಹನ ಇಟ್ಟುಕೊಳ್ಳದ ಈ ಜನರಲ್ಲಿ ಬಹುಮಂದಿ ಗಂಡಸರು ಒಕ್ಕಲುತನದ ನೆಲ ಸಾಲದೆ, ಬೇರೆಯವರು ಓಡಿಸುವ ಮನೆಬಂಡಿಗಳನ್ನು ಕಟ್ಟಲು ನಸುಕಿನಲ್ಲಿಯೇ ಹೋಗುತ್ತಾರೆ.

ಅಮೇರಿಕದ ಮನೆಬಂಡಿಗಳಲ್ಲಿ ಬಹುಪಾಲು ಹುಟ್ಟುವುದು ಎಲ್ಕ್‌ಹಾರ್ಟ್ ಮತ್ತು ಅದರ ಸುತ್ತಲಿನ ಊರುಗಳಲ್ಲಿ. ಹಿಂದೆ ಇದು ಕಹಳೆ, ತುತ್ತೂರಿಗಳಂತಹ ಬ್ಯಾಂಡಿನ ವಾದ್ಯಗಳ ತಯಾರಿಕೆಗೆ ಹೆಸರಾದ ಊರು. ಈಗ ದೇಶದ ಜನರ ಕೈಯಲ್ಲಿ ದುಡ್ಡಾಡಿದರೆ ಇಲ್ಲಿ ಕೆಲಸ, ದುಡ್ಡು ಕಟ್ಟಿತೆಂದರೆ ಇಲ್ಲಿ ಮೊದಲು ಕತ್ತಲೆ. 2009ರ ಫೆಬ್ರವರಿಯಲ್ಲಿ, ಆರ್ಥಿಕ ಕುಸಿತದ ನಡುವೆ, ಆಗಷ್ಟೇ ಅಧಿಕಾರಕ್ಕೆ ಬಂದ ಅಧ್ಯಕ್ಷ ಒಬಾಮಾ ಇಲ್ಲಿಯ ನಿರುದ್ಯೋಗಿಗಳನ್ನು ಕಾಣಲು ಬಂದಿದ್ದರು.

ಬುಧವಾರ ಕಾರ್ಯಾಗಾರದಲ್ಲಿ ಗಾಡಿಯನ್ನೊಪ್ಪಿಸಿ, ಟ್ಯಾಕ್ಸಿ ಮಾಡಿಕೊಂಡು ಹೆದ್ದಾರಿಯ ಪಕ್ಕದ ಮನೆಬಂಡಿಗಳ ವಸ್ತುಸಂಗ್ರಹಾಲಯಕ್ಕೆ ಹೋದೆವು. ಒಳಗೆ ರಸ್ತೆಯಂತೆ ಬಳಸಿದ ದಾರಿ, ಇಕ್ಕೆಲದಲ್ಲಿ ಹಳೆಯ ಬಂಡಿಗಳು. 1913ರಲ್ಲಿ ಮಾಡಿದ, ಕಾರಿನ ಹಿಂದೆ ಎಳೆಯುವ ಪುಟ್ಟದೊಂದು ಮರದ ಕೋಣೆ. ಅಲ್ಲಿ ಇಬ್ಬರು ಕಷ್ಟಪಟ್ಟು ಮಲಗಬಹುದು. ಚಲನಚಿತ್ರ ತಾರೆ ಮೇ ವೆಸ್ಟ್ ಅವರಿಗಾಗಿ ಸಿನಿಮಾ ಕಂಪನಿ ಕಟ್ಟಿಸಿದ 1931ರ ಷೆವರ್ಲೆ ಬಂಡಿ ನೋಡಲು ತೇರಿನಂತಿದೆ. ಮೊಮ್ಮಗನಿಗೆ ಇದಾವುದರ ಮೇಲೂ ಲಕ್ಷ್ಯವಿಲ್ಲ. ಪ್ರತಿಯೊಂದು ಬಂಡಿಯ ಹಿಂದೆ ಓಡಿ, "ಅಜ್ಜಾ, ಇದಕ್ಕ ಒಂದೇ ದೀಪ ಅದ! ಅಜ್ಜಾ, ಇದಕ್ಕ ದೀಪನೇ ಇಲ್ಲ!" ಎಂದು ಕೂಗುತ್ತಿದ್ದ. ಕಾವಲಿನವರು ನಕ್ಕರು.

ಅವನ ಕೂಗಿನಿಂದ ನಮಗೆ ನಮ್ಮ ಸೀಮೆಯ ನೆನಪಾಯಿತು. ಕಬ್ಬಿನ ಹಂಗಾಮಿನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆಯ ರಸ್ತೆಗಳಲ್ಲಿ ರಾತ್ರಿ ಪಯಣಿಸಿದವರಿಗೆ ವಿವರಿಸಬೇಕಾಗಿಲ್ಲ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರಾಲಿ, ಟ್ರಾಲಿಯ ಹೊರಗೆ ಚಾಚಿದ ಕಬ್ಬು, ಬೆನ್ನಿಗೆ ದೀಪವೂ ಇಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ಭಾರತದಲ್ಲಿಯೂ 2012ರಲ್ಲಿ ವಾಹನ ಕಂಪನಿಗಳು ತಾವಾಗಿಯೇ ರೀಕಾಲ್ ಮಾಡುವ ಕಟ್ಟಳೆಯನ್ನು ಒಪ್ಪಿದವು. 2019ರ ಮೋಟಾರು ವಾಹನ ತಿದ್ದುಪಡಿ ಕಾನೂನು, ಕಂಪನಿಗೆ ರೀಕಾಲ್ ಮಾಡೆಂದು ಆಜ್ಞಾಪಿಸುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತು. ಟ್ರಾಲಿಗೆ ದೀಪ ಕಟ್ಟಿಸುವುದಕ್ಕೆ ಮಾತ್ರ ಯಾವ ರೀಕಾಲೂ ಬೇಕಾಗಿಲ್ಲ. ನಮ್ಮ ಬಂಧುವೊಬ್ಬರ ಗದ್ದೆಯ ಟ್ರಾಲಿಗೆ, ಊರಿಗೆ ಮರಳಿದ ವಾರದಲ್ಲಿಯೇ, ಎದುರಿಗೆ ನಿಂತು ಕೆಂಪು ಪಟ್ಟಿ ಅಂಟಿಸಿಸಿದೆವು. ದೀಪಕ್ಕೆ ಅವರು ಇನ್ನೂ ನಾಳೆ ನಾಳೆ ಎನ್ನುತ್ತಿದ್ದಾರೆ.

ಸಂಜೆ ನಾಲ್ಕಕ್ಕೆ ಕಾರ್ಯಾಗಾರದಿಂದ ಕರೆ ಬಂತು. ಜೋಡಣೆಯನ್ನು ಕತ್ತರಿಸಿ ತೆಗೆದು, ನೀರು ಸೇರದ ಹೊಸ ಜೋಡಣೆ ಹಾಕಿ, ತಂತಿಯನ್ನು ಮೇಲಕ್ಕೆತ್ತಿ ಕಟ್ಟಿದ್ದರು. ಖರ್ಚು ಏನೂ ಇಲ್ಲವೆಂದು ಕಾಗದದ ಮೇಲೆ ಬರೆದು ಸಹಿ ಮಾಡಿಸಿಕೊಂಡರು. ಒಡೆಯದ ಆ ಲಕೋಟೆಯನ್ನು ಅಳಿಯಂದಿರು ಅಲ್ಲಿಯೇ ಒಡೆದರು. ಪತ್ರದ ಜೊತೆಯಲ್ಲಿ ಒಂದು ಕಾರ್ಡು: ಗಾಡಿ ಕೈಬದಲಾಗಿದ್ದರೆ ಹೊಸ ಮಾಲೀಕರ ಹೆಸರು ವಿಳಾಸ ತಿಳಿಸಿರಿ ಎಂದಿತ್ತು. ಅಂಚೆಯ ಖರ್ಚನ್ನು ಕಂಪನಿಯೇ ಮೊದಲು ತೆತ್ತಿತ್ತು. ಗಾಡಿಯ ಬಾನೆಟ್ಟಿನ ಮೇಲಿಟ್ಟುಕೊಂಡು ಅವರು ಅದನ್ನು ತುಂಬಿದರು. ಚಾಸಿಯ ಕಂಪನಿಗೆ ಬೇರೊಂದು ಪತ್ರ ಬರೆಯಬೇಕೆಂದು ಮಗಳು ನೆನಪಿಸಿದಳು.

ಹೊರಡುವ ಮುನ್ನ ಹುಡುಗ ಗಾಡಿಯ ಹಿಂದೆ ಹತ್ತು ಹೆಜ್ಜೆ ದೂರ ಹೋಗಿ ನಿಂತ. ಅವನ ತಾಯಿ ಅವನ ಕೈ ಹಿಡಿದಿದ್ದಳು. ಅಳಿಯಂದಿರು ಬ್ರೇಕ್ ಒತ್ತಿದರು.

"ಎಡಗಡೀದು ಹತ್ತಿತು! ಬಲಗಡೀದೂ ಹತ್ತಿತು!"

ಇನ್ನೊಮ್ಮೆ ಒತ್ತಲು ಹೇಳಿದ, ಇನ್ನೊಮ್ಮೆ ಒತ್ತಿದರು. ಆಮೇಲೆ ಒಳಗೆ ಬಂದು ತನ್ನ ಆಸನದಲ್ಲಿ ಕುಳಿತು ಪಟ್ಟಿ ಕಟ್ಟಿಕೊಂಡ. ನಾವೂ ಕಟ್ಟಿಕೊಂಡೆವು. ಪೇಟೆಯ ತಿರುವಿನಲ್ಲಿದ್ದ ಅಂಚೆಯ ಪೆಟ್ಟಿಗೆಗೆ ಆ ಕಾರ್ಡನ್ನು ಹಾಕಿ, ಪಶ್ಚಿಮದ ಹೆದ್ದಾರಿಯನ್ನು ಹಿಡಿದೆವು. ಸೌತ್‌ಬೆಂಡಿನ ಆಚೆ ಕಳೆದುಹೋಗಿದ್ದ ನಮ್ಮ ಒಂದು ತಾಸು ಮರಳಿ ಬಂತು.